ಹಾರ್ಥಾ ಪದರದಲ್ಲಿ ಮಡ್ ನಷ್ಟ: ಬಿಟ್ ಅಲ್ಲಿಗೆ ತಲುಪುವ ಮೊದಲೇ ಏನು ಮಾಡಬಹುದು?

ಪ್ರಶ್ನೆ: ಕೃಷ್ಣಾತೀರ

ಎಲ್ಲರಿಗೂ ನಮಸ್ಕಾರ. ಕೆಮಿಕಲ್ ಇಂಜಿನಿಯರಿಂಗ್ ಓದಿ, ಈಗ ದಕ್ಷಿಣ ಇರಾಕಿನ ಬಸ್ರಾ ಬಳಿಯ ರುಮೈಲಾ ತೈಲಕ್ಷೇತ್ರದಲ್ಲಿ ಕಿರಿಯ ಮಡ್ ಇಂಜಿನಿಯರ್ ಆಗಿ ಕೆಲಸ ಮಾಡುತ್ತಿದ್ದೇನೆ. ಈ ವೃತ್ತಿಗೆ ಹೊರಗಿನವರೂ ಇಲ್ಲಿ ಓದುವುದರಿಂದ ಒಂದು ಮಾತು ಹೇಳಿಬಿಡುತ್ತೇನೆ. ಬಾವಿ ಕೊರೆಯುವಾಗ ಡ್ರಿಲ್ ಪೈಪಿನ ಒಳಗಿನಿಂದ ನಾವು ಇಳಿಸುವ ದ್ರವವನ್ನು ಮಡ್ ಎನ್ನುತ್ತೇವೆ. ಅದು ಪೈಪಿನ ತುದಿಯಲ್ಲಿ ಬಂಡೆ ಕೊರೆಯುವ ಬಿಟ್‌ನ ರಂಧ್ರಗಳಿಂದ ಹೊರಬಂದು, ಪೈಪಿಗೂ ಬಾವಿಯ ಗೋಡೆಗೂ ನಡುವಿನ ಜಾಗದಲ್ಲಿ, ಅಂದರೆ ಆನ್ಯುಲಸ್‌ನಲ್ಲಿ, ಕಲ್ಲಿನ ಚೂರುಗಳನ್ನು ಹೊತ್ತು ಮೇಲೆ ಬರಬೇಕು. ಹಾಗೆ ಬರದೆ ಬಂಡೆಯೊಳಗೇ ಹೊರಟುಹೋದರೆ ಅದು ಮಡ್ ನಷ್ಟ.

ಇಲ್ಲಿನ ಬಾವಿಗಳಲ್ಲಿ ಎರಡು ಪದರಗಳು ಈ ವಿಷಯದಲ್ಲಿ ಹೆಸರುವಾಸಿ. ಸುಮಾರು 450 ಮೀಟರ್ ಆಳದಲ್ಲಿ ಸಿಗುವ ದಮ್ಮಾಮ್ ಮೊದಲನೆಯದು, ಸುಮಾರು 1,600 ಮೀಟರ್‌ನಲ್ಲಿ ಸಿಗುವ ಹಾರ್ಥಾ ಎರಡನೆಯದು. ದಮ್ಮಾಮ್‌ನಲ್ಲಿ ನಷ್ಟವಾದರೂ ನೀರು ಹಾಕಿಕೊಂಡು ಕೊರೆದು, ಕೇಸಿಂಗ್, ಅಂದರೆ ಬಾವಿಯ ಒಳಗೋಡೆಗೆ ಹಾಕುವ ಉಕ್ಕಿನ ಕೊಳವೆ, ಇಳಿಸಿ ಮುಚ್ಚಿಬಿಡುತ್ತಾರೆ. ನನಗೆ ಕಷ್ಟವಾಗಿ ಕಾಣುವುದು 12¼ ಇಂಚು ವ್ಯಾಸದಲ್ಲಿ ಕೊರೆಯುವ ಹಂತದಲ್ಲಿ ಬರುವ ಹಾರ್ಥಾ. ಅದರ ಮೇಲಿರುವ ತಯಾರಾತ್ ಪದರದಲ್ಲಿ ಗಂಧಕಯುಕ್ತ ನೀರಿದೆ, ಅದನ್ನು ತಡೆಹಿಡಿಯಲು ಮಡ್‌ನ ತೂಕ ಬೇಕು. ಆ ತೂಕವನ್ನು ಹಾರ್ಥಾ ತಾಳುವುದಿಲ್ಲ. ಅತ್ತ ದರಿ, ಇತ್ತ ಪುಲಿ ಎಂಬಂತಾಗುತ್ತದೆ.

ನಮ್ಮ ಮುಂದಿನ ಬಾವಿಗೆ ಈ ಹಂತದಲ್ಲಿ 1.13 ಸಾಂದ್ರತೆಯ, ಅಂದರೆ ನೀರಿನ 1.13 ಪಟ್ಟು ತೂಕದ, ಮಡ್ ಯೋಜಿಸಲಾಗಿದೆ. ನಷ್ಟ ಶುರುವಾದ ಮೇಲೆ ಎಷ್ಟು ಮೂಟೆ ಎಲ್‌ಸಿಎಂ, ಅಂದರೆ ಬಿರುಕು ಮುಚ್ಚುವ ವಸ್ತು, ಸುರಿಯಬೇಕು ಎಂಬುದಕ್ಕೆ ಕಾರ್ಯಕ್ರಮ ಪುಸ್ತಿಕೆಯಲ್ಲಿ ದೊಡ್ಡ ಪಟ್ಟಿಯೇ ಇದೆ. ಆದರೆ ನಷ್ಟವೇ ಆಗದಂತೆ ಮೊದಲೇ ಏನು ಮಾಡಬೇಕು ಎಂಬುದಕ್ಕೆ ಇರುವುದು ಎರಡೇ ಸಾಲು. ಹಾರ್ಥಾ ಪ್ರವೇಶಿಸುವ ಮುನ್ನವೇ ಇಡೀ ಮಡ್‌ಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೆರೆಸಿಟ್ಟುಕೊಳ್ಳುವುದು ಸರಿಯೇ? ಪಂಪಿನ ವೇಗ ತಗ್ಗಿಸುವುದರಿಂದ ಪ್ರಯೋಜನ ಉಂಟೇ? ಅನುಭವಿಗಳು ದಯವಿಟ್ಟು ಕಾರಣಸಹಿತ ತಿಳಿಸಬೇಕು.

ಉತ್ತರ 1: ಹಳೆಯ ಮಡ್ ಇಂಜಿನಿಯರ್, ಮಸ್ಕತ್

ನಿಮ್ಮ ಪ್ರಶ್ನೆಯ ಕೊನೆಯ ಭಾಗದಿಂದಲೇ ಆರಂಭಿಸುತ್ತೇನೆ. ಎಲ್‌ಸಿಎಂ ಮೂಟೆಗಿಂತ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಕಾಗದ ಮತ್ತು ಕ್ಯಾಲ್ಕ್ಯುಲೇಟರ್. ನೀವು ಕೊಟ್ಟ ಅಂಕಿಗಳನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ.

ನಿಂತ ದ್ರವದ ಒತ್ತಡವನ್ನು ಬಾರ್‌ನಲ್ಲಿ ಪಡೆಯಲು ಸಾಂದ್ರತೆಯನ್ನು ಮೀಟರ್ ಆಳದಿಂದಲೂ 0.0981ರಿಂದಲೂ ಗುಣಿಸಬೇಕು. 1,600 ಮೀಟರ್‌ನಲ್ಲಿ 1.13ರ ಮಡ್ ತುಂಬಿ ನಿಂತರೆ 177.4 ಬಾರ್ ಆಗುತ್ತದೆ. ಪಂಪ್ ನಿಲ್ಲಿಸಿದಾಗ ದ್ರವದ ಮಟ್ಟ ಕೆಳಗಿಳಿಯಿತು, ನೀವು ಮೇಲಿನಿಂದ ಅಳತೆ ಮಾಡಿ ನೀರು ಸುರಿದಿರಿ, 6.5 ಘನಮೀಟರ್ ನೀರಿಗೆ ಆನ್ಯುಲಸ್ ತುಂಬಿ ನಿಂತಿತು ಎಂದುಕೊಳ್ಳಿ. 13⅜ ಇಂಚಿನ ಕೇಸಿಂಗ್‌ನಲ್ಲಿ 5 ಇಂಚಿನ ಡ್ರಿಲ್ ಪೈಪ್ ಇದ್ದರೆ ಪ್ರತಿ ಮೀಟರಿಗೆ ಸುಮಾರು 65 ಲೀಟರ್ ಹಿಡಿಯುತ್ತದೆ. ಅಂದರೆ ಮೇಲಿನ 100 ಮೀಟರ್ ನೀರು, ಕೆಳಗಿನ 1,500 ಮೀಟರ್ ಮಡ್. ಇದರ ಒತ್ತಡ 176.1 ಬಾರ್, ಸಮಾನ ಸಾಂದ್ರತೆ, ಅಂದರೆ ಅಷ್ಟೇ ಒತ್ತಡ ಕೊಡುವ ಒಂದೇ ದ್ರವದ ಸಾಂದ್ರತೆ, 1.122. ಹಾರ್ಥಾ ತಾಳುವುದಕ್ಕೂ ತಾಳದೆ ಬಾಯಿ ಬಿಡುವುದಕ್ಕೂ ನಡುವೆ ಇರುವುದು ಇಲ್ಲಿ ಬರೀ 1.3 ಬಾರ್. ಕಾರಿನ ಟೈರಿಗೆ ತುಂಬುವ ಗಾಳಿಯ ಒತ್ತಡವೂ ಇದಕ್ಕಿಂತ ಹೆಚ್ಚು!

ಈಗ ಕೊರೆಯುವಾಗಿನ ಸ್ಥಿತಿ ನೋಡಿ. ಪಂಪ್ ಓಡುತ್ತಿರುವಾಗ ಆನ್ಯುಲಸ್‌ನ ಘರ್ಷಣೆ ನಿಂತ ಒತ್ತಡಕ್ಕೆ ಸೇರಿಕೊಳ್ಳುತ್ತದೆ. ಅದು ಬರೀ 3 ಬಾರ್ ಇದ್ದರೂ ಈ ಆಳದಲ್ಲಿ ಸಾಂದ್ರತೆಗೆ 0.019 ಕೂಡಿದಂತೆ. ಇದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಹಲವರು ಬಿಟ್ಟುಬಿಡುವುದು ಕಲ್ಲಿನ ಚೂರುಗಳ ಭಾರವನ್ನು. 12¼ ಇಂಚಿನ ಬಾವಿಯಲ್ಲಿ ಒಂದು ಮೀಟರ್ ಕೊರೆದರೆ 76 ಲೀಟರಿನಷ್ಟು ಬಂಡೆ ಮಡ್‌ಗೆ ಸೇರುತ್ತದೆ. ಗಂಟೆಗೆ 20 ಮೀಟರ್ ವೇಗದಲ್ಲಿ, ನಿಮಿಷಕ್ಕೆ 3,000 ಲೀಟರ್ ಪಂಪ್ ಮಾಡುತ್ತ ಕೊರೆದರೆ, ಚೂರುಗಳು ಮಡ್‌ನಷ್ಟೇ ವೇಗವಾಗಿ ಮೇಲೆ ಬರುತ್ತವೆ ಎಂದುಕೊಂಡರೂ ಸಾಂದ್ರತೆ 0.012 ಏರುತ್ತದೆ. ಗಂಟೆಗೆ 40 ಮೀಟರ್ ಕೊರೆದರೆ 0.024. ವಾಸ್ತವದಲ್ಲಿ ಚೂರುಗಳು ಹಿಂದೆ ಬೀಳುವುದರಿಂದ ಭಾರ ಇನ್ನೂ ಹೆಚ್ಚೇ. 1.13ಕ್ಕೂ 1.122ಕ್ಕೂ ನಡುವೆ ನಿಮಗಿರುವ ಅಂತರ 0.008 ಮಾತ್ರ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಆದ್ದರಿಂದ ಪಂಪ್ ತಗ್ಗಿಸಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ, ಮೊದಲು ಕೊರೆಯುವ ವೇಗ ತಗ್ಗಿಸಿ ಎಂಬುದು. ಅಗಲವಾದ ಬಾವಿಯಲ್ಲಿ ಪಂಪ್ ತಗ್ಗಿಸಿ ಬಿಟ್‌ಗೆ ಮಾತ್ರ ಅದೇ ವೇಗ ಕೊಟ್ಟರೆ ಚೂರುಗಳು ಮೇಲೇರದೆ ಕೂಡಿಕೊಳ್ಳುತ್ತವೆ, ಪೈಪಿನ ಸುತ್ತ ಕಟ್ಟಿಕೊಳ್ಳುತ್ತವೆ, ಆಗ ಒತ್ತಡ ಒಮ್ಮೆಲೇ ಏರಿ ಬಂಡೆ ಸೀಳುತ್ತದೆ. ಹಾರ್ಥಾಕ್ಕೆ 20–30 ಮೀಟರ್ ಇರುವಾಗಲೇ ನಿಂತು, ಕೆಳಗಿನ ಮಡ್ ಪೂರ್ತಿ ಮೇಲೆ ಬಂದು ಮಡ್ ಸೋಸುವ ಶೇಕರ್ ಜಾಲರಿಯ ಮೇಲೆ ಚೂರುಗಳು ತೆಳುವಾಗುವ ತನಕ ಸುತ್ತಿಸಿ, ಆಮೇಲೆ ನಿಧಾನವಾಗಿ ಒಳಗೆ ಹೋಗಿ.

ಎಲ್‌ಸಿಎಂ ಬಗ್ಗೆ. ಇಡೀ ಮಡ್‌ಗೆ ಮೊದಲೇ ಬೆರೆಸಿಡುವುದನ್ನು ನಾನು ಒಪ್ಪುತ್ತೇನೆ, ಘನಮೀಟರಿಗೆ 40ರಿಂದ 60 ಕಿಲೋ, ಬೇರೆ ಬೇರೆ ಗಾತ್ರದ ಕ್ಯಾಲ್ಸಿಯಂ ಕಾರ್ಬೊನೇಟ್ ಜೊತೆಗೆ ಸ್ವಲ್ಪ ಗ್ರಾಫೈಟ್. ಗಾತ್ರವೇ ಇಲ್ಲಿ ಮುಖ್ಯ. ಕಣಗಳ ಮಧ್ಯಮ ಗಾತ್ರ ಬಂಡೆಯ ರಂಧ್ರದ ಮಧ್ಯಮ ಗಾತ್ರದ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇರಬಾರದು ಎಂದು 1977ರಲ್ಲಿ ಏಬ್ರಮ್ಸ್ ತೋರಿಸಿದ ನಿಯಮ ಇಂದಿಗೂ ಬಳಕೆಯಲ್ಲಿದೆ. ಆದರೆ ಅದು ರಂಧ್ರಗಳಿಗೆ ಹೇಳಿದ ಮಾತು. ಬಿರುಕುಗಳಿಗೆ ಬಂದಾಗ, 2004ರಲ್ಲಿ ಆಲ್ಬರ್ಟಿ ಮತ್ತು ಮ್ಯಾಕ್ಲೀನ್ ಮಂಡಿಸಿದ ವಿಚಾರ ಹೆಚ್ಚು ಉಪಯುಕ್ತ: ಸಣ್ಣ ಬಿರುಕಿನ ಬಾಯಿಯಲ್ಲೇ ಕಣಗಳು ಸಿಕ್ಕಿಕೊಂಡು ಬೆಣೆಯಂತೆ ನಿಂತರೆ, ಬಾವಿಯ ಸುತ್ತಲಿನ ಬಂಡೆ ಇನ್ನಷ್ಟು ಬಿಗಿಯಾಗಿ, ಮೊದಲಿಗಿಂತ ಹೆಚ್ಚು ಒತ್ತಡ ತಾಳುತ್ತದೆ. ಬೆಣೆ ಬಿರುಕು ತೆರೆಯುವ ಕ್ಷಣದಲ್ಲೇ ಅಲ್ಲಿರಬೇಕು. ಬಿರುಕು ಉದ್ದವಾಗಿ ಬೆಳೆದ ಮೇಲೆ ಸುರಿದರೆ ಅದೇ ವಸ್ತು ಅಷ್ಟು ಕೆಲಸ ಮಾಡುವುದಿಲ್ಲ.

ಉತ್ತರ 2: ಭೂವಿಜ್ಞಾನಿ, ಧಾರವಾಡ

ಮೇಲಿನವರ ಲೆಕ್ಕ ಬಹಳ ಸ್ಪಷ್ಟವಾಗಿದೆ. ಅದಕ್ಕೆ ಬಂಡೆಯ ಕಡೆಯ ಮಾತೊಂದನ್ನು ಸೇರಿಸಬೇಕು. ಮಡ್ ಹೋಗುತ್ತಿರುವುದು ನಾವೇ ಸೀಳಿದ ಬಿರುಕಿಗೋ, ಪ್ರಕೃತಿಯೇ ಮಾಡಿಟ್ಟ ಪೊಳ್ಳಿಗೋ ಎಂಬುದು ತಿಳಿಯದೆ ಮದ್ದು ಕೊಡುವಂತಿಲ್ಲ.

ನಮ್ಮ ಬಯಲುಸೀಮೆಯಲ್ಲಿ ಬೋರ್‌ವೆಲ್ ಕೊರೆಸುವವರು ಗಟ್ಟಿ ಬಂಡೆಯಲ್ಲಿ ಒಂದು ಬಿರುಕಾದರೂ ಸಿಗಲಿ ಎಂದು ಕಾಯುತ್ತಾರೆ, ನೀರಿರುವುದು ಅಲ್ಲಿಯೇ. ತೈಲಬಾವಿಯವರಿಗೆ ಆ ಬಿರುಕೇ ಸಂಕಟ. ದಮ್ಮಾಮ್ ಪದರ ಈಯೊಸೀನ್ ಕಾಲದ ಸುಣ್ಣಕಲ್ಲು ಮತ್ತು ಡಾಲಮೈಟ್. ನೀರು ಹರಿದು ಕರಗಿಸಿದ ಪೊಳ್ಳುಗಳು ಅದರಲ್ಲಿ ಹೇರಳವಾಗಿವೆ. ಅಂಥ ಕಡೆ ಬಿಟ್ ಒಮ್ಮೆಲೇ ಒಂದಷ್ಟು ಸೆಂಟಿಮೀಟರ್ ಜಾರಿ ಬೀಳುತ್ತದೆ, ಅದೇ ಗಳಿಗೆಯಲ್ಲಿ ಮೇಲೆ ಬರುವ ಮಡ್ ನಿಂತುಹೋಗುತ್ತದೆ. ತೂಕ ತಗ್ಗಿಸಿದರೂ ಅದು ಮರಳಿ ಬರುವುದಿಲ್ಲ, ಏಕೆಂದರೆ ಆ ಪೊಳ್ಳು ನಮ್ಮ ಒತ್ತಡದಿಂದ ಹುಟ್ಟಿದ್ದಲ್ಲ. ಅಂಥ ಪೊಳ್ಳಿಗೆ ಕಾರ್ಬೊನೇಟ್ ಸುರಿಯುವುದು ವ್ಯರ್ಥ. ಕೆಲವು ಮಿಲಿಮೀಟರಿಗಿಂತ ಅಗಲವಾದ ಬಾಯಿಗೆ ಕಣಗಳು ಸೇತುವೆ ಕಟ್ಟಲಾರವು. ಸಿಮೆಂಟ್ ಪ್ಲಗ್ ಇಡಬೇಕು, ಅಥವಾ ನೀವು ಬರೆದಂತೆ ನೀರು ಹಾಕಿಕೊಂಡು ಕೊರೆದು ಕೇಸಿಂಗ್‌ನಿಂದ ಮುಚ್ಚಬೇಕು.

ನಾವೇ ಸೀಳಿದ ಬಿರುಕಿನ ಲಕ್ಷಣ ಬೇರೆ. ಅದು ಸಾಮಾನ್ಯವಾಗಿ ಹೊಸ ಬಂಡೆಯನ್ನು ಕೊರೆಯುವಾಗ ಅಲ್ಲ, ಬೇರೆ ಕೆಲಸದ ನಡುವೆ ತೋರುತ್ತದೆ: ಪಂಪ್ ಒಮ್ಮೆಲೇ ಏರಿಸಿದಾಗ, ಪೈಪ್ ವೇಗವಾಗಿ ಇಳಿಸಿದಾಗ, ತೂಕ ಹೆಚ್ಚಿಸಿದ ಮಡ್ ಆನ್ಯುಲಸ್‌ಗೆ ತಿರುಗಿದಾಗ. ಅಂಥ ಸಂದರ್ಭದಲ್ಲಿ ನಷ್ಟದ ಜಾಗ ಬಿಟ್‌ನ ಬಳಿಯೇ ಇರಬೇಕೆಂದಿಲ್ಲ. ಎಷ್ಟೋ ಸಲ ಅದು ಮೇಲಿನ ಕೇಸಿಂಗ್ ಶೂ (ಕೇಸಿಂಗ್‌ನ ಕೆಳತುದಿ) ಬಳಿಯ ದುರ್ಬಲ ಬಂಡೆಯಲ್ಲಿರುತ್ತದೆ. ಆಗ ಬಾವಿಯ ತಳದಲ್ಲಿ ಎಲ್‌ಸಿಎಂ ಇಟ್ಟರೆ ಅದು ಬೇಕಾದ ಜಾಗಕ್ಕೆ ತಲುಪುವುದೇ ಇಲ್ಲ.

ಹಾರ್ಥಾದಲ್ಲಿ ಈ ಎರಡೂ ಬೆರೆತಿರುತ್ತವೆ. ಆದ್ದರಿಂದ ಪಕ್ಕದ ಬಾವಿಗಳ ದಿನವರದಿಗಳನ್ನು ತರಿಸಿಕೊಂಡು, ಯಾವ ಆಳದಲ್ಲಿ ಎಂಬುದರ ಜೊತೆಗೆ, ಯಾವ ಕೆಲಸ ನಡೆಯುತ್ತಿದ್ದಾಗ ನಷ್ಟ ಶುರುವಾಯಿತು ಎಂಬುದನ್ನೂ ಪ್ರತ್ಯೇಕವಾಗಿ ಬರೆದುಕೊಳ್ಳಿ. ಬಹಳಷ್ಟು ವರದಿಗಳಲ್ಲಿ ಆಳ ಮಾತ್ರ ಇರುತ್ತದೆ. ಎರಡನೆಯದನ್ನು ಗಂಟೆಗಂಟೆಯ ವಿವರಗಳಿಂದ ಹೆಕ್ಕಿ ತೆಗೆಯಬೇಕಾಗುತ್ತದೆ, ಆದರೆ ಅದೇ ಹೆಚ್ಚು ಬೆಲೆಯುಳ್ಳ ಮಾಹಿತಿ.

ಉತ್ತರ 3: ರಿಗ್ ಮೇಲ್ವಿಚಾರಕ, ಮುಂಬೈ ಕಡಲಾಚೆ

ಮಸ್ಕತ್‌ನ ಹಿರಿಯರ ಬಗ್ಗೆ ಗೌರವವಿಟ್ಟುಕೊಂಡೇ ಒಂದು ಅಂಶದಲ್ಲಿ ನನ್ನ ಭಿನ್ನಾಭಿಪ್ರಾಯ ತಿಳಿಸುತ್ತೇನೆ. ಇಡೀ ಮಡ್‌ಗೆ ಎಲ್‌ಸಿಎಂ ಬೆರೆಸಿಡುವುದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ, ಶೇಕರ್ ಬಳಿ ನಿಂತವರಿಗೆ ಅದರ ತೊಡಕು ಗೊತ್ತಾಗುತ್ತದೆ. 200 ಮೆಶ್ ಜಾಲರಿ ಹಾಕಿದ್ದರೆ 74 ಮೈಕ್ರಾನ್‌ಗಿಂತ ದೊಡ್ಡ ಕಣ ಬಹುಮಟ್ಟಿಗೆ ಮೊದಲ ಸುತ್ತಿನಲ್ಲೇ ಹೊರಗೆ ಬೀಳುತ್ತದೆ. ಅಂದರೆ ಬೆಣೆಯಾಗಬೇಕಾದ ದಪ್ಪ ಕಣಗಳೇ ಹೋಗಿ, ಬರೀ ಹಿಟ್ಟಿನಂಥದ್ದು ಉಳಿಯುತ್ತದೆ. ಅದನ್ನು ತಪ್ಪಿಸಲು ಒರಟು ಜಾಲರಿ ಹಾಕಿದರೆ ಕೊರೆದ ಬಂಡೆಯ ಸಣ್ಣ ಚೂರುಗಳೂ ಮಡ್‌ನಲ್ಲೇ ಉಳಿದು, ಸುತ್ತಿ ಸುತ್ತಿ ಇನ್ನಷ್ಟು ಪುಡಿಯಾಗಿ, ಸಾಂದ್ರತೆಯನ್ನೂ ದಪ್ಪವನ್ನೂ ಏರಿಸುತ್ತವೆ. ಬೆಳಿಗ್ಗೆ 1.13 ಇದ್ದದ್ದು ಸಂಜೆಗೆ 1.15 ಆಗುವುದು ಅಪರೂಪವೇನಲ್ಲ. 0.008 ಅಂತರ ಕಾಪಾಡಲು ಹೊರಟವರು 0.02 ಕಳೆದುಕೊಂಡಂತಾಯಿತು.

ಇದರ ಬದಲು, ಸಣ್ಣ ಜಾಲರಿಯನ್ನೇ ಇಟ್ಟುಕೊಂಡು ಮಡ್ ಸ್ವಚ್ಛವಾಗಿರುವಂತೆ ನೋಡಿಕೊಳ್ಳಿ. ಪ್ರತ್ಯೇಕ ಪಿಟ್‌ನಲ್ಲಿ, ಅಂದರೆ ಮಡ್ ತೊಟ್ಟಿಯಲ್ಲಿ, ದಪ್ಪ ಕಣಗಳ ಪಿಲ್ (ಬೇರೆಯಾಗಿ ಕಲಸಿದ ಸ್ವಲ್ಪ ಮಡ್) ಸಿದ್ಧವಿಟ್ಟು, ಹಾರ್ಥಾದೊಳಗೆ ಪ್ರತಿ ಸ್ಟ್ಯಾಂಡ್‌ಗೂ (ಒಟ್ಟಿಗೆ ಜೋಡಿಸಿದ ಪೈಪುಗಳ ಉದ್ದಕ್ಕೂ) ಒಂದಷ್ಟು ಒಳಗೆ ಕಳಿಸಿ. ಬಿಟ್ ಹೊಸ ಬಂಡೆಯನ್ನು ತೆರೆಯುವ ಜಾಗದಲ್ಲಿ ಕಣಗಳು ಇರುತ್ತವೆ, ಉಳಿದದ್ದು ಮೇಲೆ ಬಂದು ಶೇಕರ್‌ನಲ್ಲಿ ಬೀಳುತ್ತದೆ. ಖರ್ಚಾಗುತ್ತದೆ ನಿಜ, ಆದರೆ ಮಡ್ ಕೆಡುವುದಿಲ್ಲ. ಪಿಲ್‌ನ ಕಣದ ಗಾತ್ರಕ್ಕೆ ನಿಮ್ಮ ಎಂಡಬ್ಲ್ಯುಡಿ (ಕೊರೆಯುವಾಗಲೇ ಅಳತೆ ಕಳಿಸುವ) ಉಪಕರಣದ ಮಿತಿ ಮತ್ತು ಬಿಟ್‌ನ ನಾಜಲ್, ಅಂದರೆ ಮಡ್ ಹೊರಬರುವ ರಂಧ್ರದ, ಅಳತೆಯನ್ನು ಮೊದಲೇ ಕೇಳಿ ತಿಳಿದುಕೊಳ್ಳಿ. ನಾಜಲ್ ಕಟ್ಟಿಕೊಂಡ ಪೈಪನ್ನು ಹೊರಗೆಳೆಯುವುದು ನಷ್ಟಕ್ಕಿಂತ ದೊಡ್ಡ ತಲೆನೋವು. ಬಿಟ್‌ನ ಮೇಲೆ ಸರ್ಕ್ಯುಲೇಟಿಂಗ್ ಸಬ್ ಇದ್ದರೆ ಒರಟು ವಸ್ತುವನ್ನು ಅದರ ಪಕ್ಕದ ರಂಧ್ರದಿಂದ ಬಿಡಬಹುದು. ಅದನ್ನು ಜೋಡಿಸಬೇಕಾದದ್ದು ಬಾವಿಗೆ ಇಳಿಸುವ ಮುಂಚೆ.

ಉಳಿದದ್ದೆಲ್ಲ ಡ್ರಿಲ್ಲರ್‌ನ ಕೈಯಲ್ಲಿದೆ, ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ನಿಂತ ಮಡ್ ಜೆಲ್‌ನಂತೆ ಗಟ್ಟಿಯಾಗಿರುತ್ತದೆ. ಪೈಪ್ ಜೋಡಿಸಿದ ಮೇಲೆ ಮೊದಲು ಪೈಪ್ ತಿರುಗಿಸಿ ಆ ಗಟ್ಟಿತನ ಒಡೆದು, ಆಮೇಲೆ ಪಂಪನ್ನು ಹಂತಹಂತವಾಗಿ ಏರಿಸಬೇಕು. ಒಮ್ಮೆಲೇ ಪೂರ್ತಿ ವೇಗಕ್ಕೆ ಹೋದರೆ ಆ ಕೆಲವೇ ಸೆಕೆಂಡುಗಳ ಒತ್ತಡದಲ್ಲಿ ಬಂಡೆ ಸೀಳುತ್ತದೆ. ಪೈಪ್ ಇಳಿಸುವಾಗಲೂ ಹಾಗೆಯೇ, ಪೈಪ್ ಮಡ್ ಅನ್ನು ಕೆಳಗೆ ತಳ್ಳುತ್ತ ಹೋಗುತ್ತದೆ. 9⅝ ಇಂಚಿನ ಕೇಸಿಂಗ್ ಇಳಿಸುವಾಗ ಈ ಪರಿಣಾಮ ಇನ್ನೂ ತೀವ್ರ, ಏಕೆಂದರೆ ಸುತ್ತಲಿನ ಜಾಗ ಕಿರಿದು. ಕೊರೆಯುವಾಗ ಒಂದು ಹನಿಯೂ ಕಳೆದುಕೊಳ್ಳದ ಬಾವಿಗಳು ಕೇಸಿಂಗ್ ಇಳಿಸುವಾಗ ಕಳೆದುಕೊಂಡಿವೆ. ಪ್ರತಿ ಜಾಯಿಂಟ್ ಎಷ್ಟು ಸೆಕೆಂಡಿನಲ್ಲಿ ಇಳಿಯಬೇಕು ಎಂಬುದನ್ನು ಮೊದಲೇ ಲೆಕ್ಕ ಹಾಕಿ ಡ್ರಿಲ್ಲರ್‌ನ ಕ್ಯಾಬಿನ್‌ನಲ್ಲಿ ಬರೆದು ಅಂಟಿಸಿ.

ನಷ್ಟ ನಂತರದ ಕೆಲಸಗಳನ್ನೂ ಕಟ್ಟಿಹಾಕುತ್ತದೆ ಎಂಬುದಕ್ಕೆ ಮೆಕ್ಸಿಕೊ ಕೊಲ್ಲಿಯ ಮಕಾಂಡೊ ಬಾವಿಯನ್ನು ನೆನೆಯಬೇಕು. 2010ರ ಏಪ್ರಿಲ್ 9ರಂದು ಅಲ್ಲಿ ಸುಮಾರು 18,193 ಅಡಿಯಲ್ಲಿ ಮಡ್ ನಷ್ಟವಾಗಿ, 172 ಬ್ಯಾರೆಲ್ ಪಿಲ್ ಹಾಕಿ ನಿಲ್ಲಿಸಿದರು. 20,200 ಅಡಿಗೆ ಯೋಜಿಸಿದ್ದ ಬಾವಿಯನ್ನು 18,360 ಅಡಿಗೇ ಮುಗಿಸಬೇಕಾಯಿತು. ಮತ್ತೆ ಬಂಡೆ ಸೀಳೀತು ಎಂಬ ಚಿಂತೆಯಿಂದ ಸಿಮೆಂಟನ್ನು ನೈಟ್ರೋಜನ್ ನೊರೆಯಿಂದ ಹಗುರಗೊಳಿಸಿ, ಕಡಿಮೆ ಪ್ರಮಾಣದಲ್ಲಿ, ನಿಧಾನವಾಗಿ ಪಂಪ್ ಮಾಡಿದರು. ಆ ಸಿಮೆಂಟ್ ಬಾವಿಯನ್ನು ಮುಚ್ಚಲಿಲ್ಲ. ಏಪ್ರಿಲ್ 20ರ ಸ್ಫೋಟದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಆ ದುರಂತಕ್ಕೆ ಬೇರೆ ಕಾರಣಗಳೂ ಸೇರಿವೆ, ಆದರೆ ಕಿರಿದಾದ ಒತ್ತಡದ ಅಂತರ ಸಿಮೆಂಟಿನ ಪ್ರತಿ ನಿರ್ಧಾರದ ಮೇಲೂ ಕೂತಿತ್ತು. ಹಾಗಾಗಿ ನಿಮ್ಮ ಬಾವಿಯಲ್ಲೂ ಹಾರ್ಥಾದ ತಾಳುವಿಕೆಯನ್ನು ಸಿಮೆಂಟ್ ಯೋಜನೆಗೆ ಈಗಲೇ ತಿಳಿಸಿ. ಒಂದೇ ಸಲ ಎತ್ತರದ ಭಾರವಾದ ಸಿಮೆಂಟ್ ಕಂಬ ನಿಲ್ಲಿಸುವುದೋ, ಎರಡು ಹಂತದಲ್ಲಿ ಮಾಡುವುದೋ ಎಂಬುದು ಅದರ ಮೇಲೆ ನಿಂತಿದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಕೃಷ್ಣಾತೀರ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪಕ್ಕದ ಬಾವಿಗಳ ವಿವರಗಳನ್ನು ಧಾರವಾಡದ ಸರ್ ಹೇಳಿದಂತೆ ಹೆಕ್ಕತೊಡಗಿದ್ದೇನೆ. ಅದರಲ್ಲಿ ಒಂದು ವಿಚಿತ್ರ ಕಂಡಿತು. ಒಂದು ಬಾವಿಯಲ್ಲಿ ಕೊರೆಯುವಾಗ ಗಂಟೆಗೆ ಕೆಲವು ಘನಮೀಟರ್ ಮಡ್ ಹೋಗಿದೆ, ಪಂಪ್ ನಿಲ್ಲಿಸಿದಾಗಲೆಲ್ಲ ಅದರ ಹೆಚ್ಚಿನ ಭಾಗ ಮರಳಿ ಬಂದಿದೆ. ಬಂಡೆಯಿಂದ ಬಾವಿಗೆ ನೀರು ನುಗ್ಗುತ್ತಿದೆ ಎಂದು ಭಾವಿಸಿ ಮಡ್‌ನ ತೂಕ ಏರಿಸಿದ್ದಾರೆ, ಮರುದಿನ ಪೂರ್ತಿ ನಷ್ಟವಾಗಿದೆ. ಮೇಲೆ ತಯಾರಾತ್ ಇರುವುದರಿಂದ ಆ ಅನುಮಾನ ಸಹಜವೂ ಹೌದಲ್ಲವೇ? ಇವೆರಡನ್ನು ಬೇರ್ಪಡಿಸುವುದು ಹೇಗೆ?

ಉತ್ತರ 4: ಹಳೆಯ ಮಡ್ ಇಂಜಿನಿಯರ್, ಮಸ್ಕತ್

ಮೊದಲು ಮುಂಬೈಯ ಮೇಲ್ವಿಚಾರಕರ ಮಾತಿಗೆ: ಜಾಲರಿಯ ವಿಷಯದಲ್ಲಿ ಅವರ ವಾದ ಸರಿ. ಈ ಬಾವಿಯಷ್ಟು ಕಿರಿದಾದ ಅಂತರವಿರುವಲ್ಲಿ ಅವರ ವಿಧಾನವೇ ಮೇಲು. ಎಣ್ಣೆ ಆಧಾರಿತ, ಹೆಚ್ಚು ತೂಕದ ಮಡ್‌ನಲ್ಲಿ ಆಳದ ಮರಳುಕಲ್ಲು ಕೊರೆಯುವವರಿಗೆ ನನ್ನ ವಿಧಾನ ಇನ್ನೂ ಹೊಂದುತ್ತದೆ.

ಇನ್ನು ನಿಮ್ಮ ಪ್ರಶ್ನೆ. ನೀವು ವರ್ಣಿಸಿದ್ದನ್ನು ರಿಗ್‌ನಲ್ಲಿ ಬಲೂನಿಂಗ್ ಎನ್ನುತ್ತಾರೆ. ಪಂಪ್ ಓಡುವಾಗ ಹೆಚ್ಚುವರಿ ಒತ್ತಡಕ್ಕೆ ಬಿರುಕು ತೆರೆದು ಮಡ್ ನುಂಗುತ್ತದೆ, ಪಂಪ್ ನಿಂತಾಗ ಮುಚ್ಚಿಕೊಂಡು ಉಗುಳುತ್ತದೆ. ಆಗ ತೂಕ ಏರಿಸಿದರೆ ಬಿರುಕು ಉದ್ದವಾಗುವುದಲ್ಲದೆ ಬೇರೇನೂ ಆಗದು.

ಬೇರ್ಪಡಿಸುವ ದಾರಿ ದಾಖಲೆಯಲ್ಲಿದೆ. ಕೇಸಿಂಗ್‌ನ ಒಳಗಿರುವಾಗ, ಅಂದರೆ ಹಾರ್ಥಾ ತೆರೆಯುವ ಮೊದಲು, ಪಂಪ್ ನಿಲ್ಲಿಸಿದ ಮೇಲೆ ಪೈಪ್‌ಲೈನ್‌ಗಳಿಂದಲೇ ಎಷ್ಟು ಮಡ್ ಪಿಟ್‌ಗೆ ಮರಳುತ್ತದೆ, ಎಷ್ಟು ನಿಮಿಷದಲ್ಲಿ ನಿಲ್ಲುತ್ತದೆ ಎಂಬುದನ್ನು ಪ್ರತಿ ಜೋಡಣೆಯಲ್ಲೂ ಬರೆದಿಡಿ. ಇದು ನಿಮ್ಮ ಅಳತೆಗೋಲು. ಹಾರ್ಥಾದಲ್ಲಿ ಬಲೂನಿಂಗ್ ಆದಾಗ ಮರಳುವ ಮಡ್ ಹೆಚ್ಚಿದ್ದರೂ ಅದರ ಹರಿವು ನಿಮಿಷದಿಂದ ನಿಮಿಷಕ್ಕೆ ಇಳಿಯುತ್ತ ಹೋಗುತ್ತದೆ, ಬಂದ ಒಟ್ಟು ಪ್ರಮಾಣ ಹಿಂದೆ ಕಳೆದುಕೊಂಡದ್ದನ್ನು ಮೀರುವುದಿಲ್ಲ. ತಯಾರಾತ್‌ನಿಂದ ನೀರು ಬರುತ್ತಿದ್ದರೆ ಹರಿವು ಇಳಿಯುವುದಿಲ್ಲ, ಒಂದೇ ಸಮನಿರುತ್ತದೆ ಅಥವಾ ಏರುತ್ತದೆ. ಜೊತೆಗೆ ಮರಳಿದ ಮಡ್‌ನ ಕ್ಲೋರೈಡ್, ಪಿಎಚ್ ಬದಲಾಗುತ್ತವೆ, ಹೈಡ್ರೋಜನ್ ಸಲ್ಫೈಡ್ ಸೆನ್ಸರ್ ಎಚ್ಚರಿಸುತ್ತದೆ. ಅನುಮಾನವಿದ್ದರೆ ಬಾವಿ ಮುಚ್ಚಿ ಒತ್ತಡ ನೋಡಿ. ಬಲೂನಿಂಗ್ ಎಂದು ಖಚಿತವಾಗುವ ತನಕ ಅದನ್ನು ನುಗ್ಗುವಿಕೆ ಎಂದೇ ಪರಿಗಣಿಸಿ ಕೆಲಸ ಮಾಡಬೇಕು, ಇದರಲ್ಲಿ ರಾಜಿಯಿಲ್ಲ. ಆದರೆ ಬಾವಿ ಮುಚ್ಚುವುದು ಬೇರೆ, ತೂಕ ಏರಿಸುವುದು ಬೇರೆ. ಮೊದಲನೆಯದನ್ನು ತಕ್ಷಣ ಮಾಡಿ, ಎರಡನೆಯದಕ್ಕೆ ಅಂಕಿಗಳು ಕೈಗೆ ಬರುವ ತನಕ ಕಾಯಿರಿ.

ಕೊನೆಯದಾಗಿ, ಪೂರ್ತಿ ನಷ್ಟವಾಗಿ ಮಟ್ಟ ಕೆಳಗಿಳಿದರೆ ಹಾರ್ಥಾ ಒಂದರ ಲೆಕ್ಕ ಹಾಕಿ ಸುಮ್ಮನಾಗಬೇಡಿ. ನಾನು ಮೇಲೆ ಕೊಟ್ಟ ಉದಾಹರಣೆಯಲ್ಲಿ 100 ಮೀಟರ್ ನೀರಿನ ಕೆಳಗೆ, 1,600 ಮೀಟರ್‌ನಲ್ಲಿ 1.122 ಇರುವಾಗ 1,200 ಮೀಟರ್‌ನಲ್ಲಿ ಅದು 1.119ಕ್ಕೆ ಇಳಿದಿರುತ್ತದೆ. ನೀರಿನ ಕಂಬ ಉದ್ದವಾದಷ್ಟೂ ಮೇಲಿನ ಪದರದ ಮೇಲಿನ ಹಿಡಿತ ಹೆಚ್ಚು ಸಡಿಲವಾಗುತ್ತದೆ. ತಯಾರಾತ್ ಯಾವ ಸಾಂದ್ರತೆಯಲ್ಲಿ ಹರಿಯತೊಡಗುತ್ತದೆ ಎಂಬ ಅಂಕಿಯನ್ನು ಪಕ್ಕದ ಬಾವಿಗಳಿಂದ ತೆಗೆದು, ಆನ್ಯುಲಸ್‌ಗೆ ಗರಿಷ್ಠ ಎಷ್ಟು ಘನಮೀಟರ್ ನೀರು ಹಾಕಬಹುದು ಎಂಬ ಒಂದೇ ಸಂಖ್ಯೆಯಾಗಿ ಪರಿವರ್ತಿಸಿ, ಹಾರ್ಥಾ ಪ್ರವೇಶಿಸುವ ಹಿಂದಿನ ಪಾಳಿಯ ಸಭೆಯಲ್ಲಿ ಡ್ರಿಲ್ಲರ್‌ಗೂ ಡೆರಿಕ್‌ಮನ್‌ಗೂ ಹೇಳಿಬಿಡಿ. ರಾತ್ರಿ ನಷ್ಟವಾದಾಗ ಹೋಸ್ ಹಿಡಿದು ನಿಲ್ಲುವವರು ಅವರೇ.